ಮೊಳೆ ಹೊಡೆಯೋ ಹಕ್ಕಿಗೆ 80 ಲಕ್ಷ

2025ರ ಜನವರಿಯ ಕೊನೇ ಭಾನುವಾರ. ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ಕೆಳಗಿನ ಮನೆಯ ಓನರ್ ಅಂಕಲ್ ಮೇಲೆ ಬಂದರು. ಸಾಮಾನ್ಯವಾಗಿ ಅವರು ಬರೋದು ನೀರಿನ ಬಿಲ್ ಕೊಡೋಕೆ. ಅವತ್ತು ಕೈಯಲ್ಲಿ ಬಿಲ್ ಇರಲಿಲ್ಲ. "ಏನಿಲ್ಲ ಸಾರ್, ಮಗಳು ಅಳಿಯ ಅಮೆರಿಕದಿಂದ ವಾಪಸ್ ಬರ್ತಿದಾರೆ. ಏಪ್ರಿಲ್ ಹೊತ್ತಿಗೆ ಮನೆ ಬೇಕಾಗತ್ತೆ" ಅಂದರು. ಒಳ್ಳೇ ಮನುಷ್ಯ. ಎರಡು ತಿಂಗಳು ಮೊದಲೇ ಹೇಳಿದ್ದಾರೆ, ಅವರ ಮನೆ ಅವರಿಗೆ ಬೇಕು, ತಪ್ಪೇನೂ ಇಲ್ಲ. ಆದರೆ ನಮ್ಮ ಐದು ವರ್ಷದ ಸಂಸಾರದಲ್ಲಿ ಖಾಲಿ ಮಾಡಬೇಕಾಗಿ ಬಂದ ಮೂರನೇ ಮನೆ ಅದು.

ಅವರು ಮೆಟ್ಟಿಲು ಇಳಿದು ಹೋದ ಮೇಲೆ ನನ್ನವಳು ಗ್ಯಾಸ್ ಆರಿಸಿ ಒಂದೇ ಮಾತು ಹೇಳಿದಳು: "ರೀ, ಇನ್ನು ಬಾಡಿಗೆ ಮನೆ ಬೇಡ."

ಅವಳ ಮಾತಿನ ಹಿಂದೆ ಏನಿದೆ ಅಂತ ನನಗೆ ಗೊತ್ತು. ಅವಳಪ್ಪ ಸರ್ಕಾರಿ ಶಾಲೆ ಮೇಷ್ಟ್ರು. ವರ್ಗಾವಣೆ ಆದ ಹಾಗೆಲ್ಲ ಮನೆ ಬದಲು, ಶಾಲೆ ಬದಲು. ಎಸ್ಸೆಸ್ಸೆಲ್ಸಿ ಮುಗಿಸೋ ಹೊತ್ತಿಗೆ ಅವಳು ಐದು ಊರು ಕಂಡಿದ್ದಳು. ಮದುವೆಯಾದ ಮೇಲೂ ಅದೇ ಕಥೆ. ನಮ್ಮ ಬಾಡಿಗೆ ಕರಾರಿನಲ್ಲಿ ಗೋಡೆಗೆ ಮೊಳೆ ಹೊಡೆಯಬಾರದು ಅಂತ ಒಂದು ಸಾಲು ಇತ್ತು. ಹಾಗಾಗಿ ನಮ್ಮ ಮದುವೆ ಫೋಟೋ ಐದು ವರ್ಷದಿಂದ ಹಳೇ ಬೆಡ್‌ಶೀಟ್ ಸುತ್ತಿಕೊಂಡು ಬೀರು ಹಿಂದೆ ನಿಂತಿತ್ತು.

ನಮ್ಮ ವಯಸ್ಸಿನ ಬಹಳ ಮನೆಗಳಲ್ಲಿ ಈ ಮಾತು ನಡೀತಾನೇ ಇರುತ್ತೆ. ಈ ಅಂಕಣಕ್ಕೆ ಬರೋ ಪತ್ರಗಳಲ್ಲೂ ಡೇಕೇರ್ ಬಿಟ್ಟರೆ ಹೆಚ್ಚು ಕೇಳೋ ಪ್ರಶ್ನೆ ಇದೇ: ಮನೆ ತಗೋಬೇಕಾ, ಬಾಡಿಗೆಯಲ್ಲೇ ಇರಬೇಕಾ? ನಾವು ಏನು ಮಾಡಿದ್ವಿ, ಯಾಕೆ ಮಾಡಿದ್ವಿ ಅಂತ ಈ ಸಲ ಲೆಕ್ಕದ ಸಮೇತ ಬರೆಯುತ್ತೇನೆ. ನಮ್ಮ ಉತ್ತರವೇ ನಿಮ್ಮ ಉತ್ತರ ಆಗಬೇಕಿಲ್ಲ.

ನೋಡಿದ ಫ್ಲ್ಯಾಟು

ನಾವಿದ್ದದ್ದು ಬನಶಂಕರಿ ಮೂರನೇ ಹಂತದಲ್ಲಿ. ಬಾಡಿಗೆ 22 ಸಾವಿರ, ಅಡ್ವಾನ್ಸ್ ಒಂದೂವರೆ ಲಕ್ಷ. ಆ ಏರಿಯಾದಲ್ಲಿ ಕೊಳ್ಳೋದು ನಮ್ಮ ಕೈಲಾಗದ ಮಾತು. ನಾಲ್ಕು ವಾರಾಂತ್ಯ ಸುತ್ತಿದ ಮೇಲೆ ಕನಕಪುರ ರಸ್ತೆಯಲ್ಲಿ, ರೇಷ್ಮೆ ಸಂಸ್ಥೆ ಮೆಟ್ರೋ ನಿಲ್ದಾಣದಿಂದ ಐದು ಕಿಲೋಮೀಟರ್ ಆಚೆ ಒಂದು ಮನೆ ಸಿಕ್ಕಿತು. 1,150 ಚದರ ಅಡಿ, ಎರಡು ಬೆಡ್‌ರೂಮು, ಪೂರ್ವದ ಬಾಗಿಲು, ಬಾಲ್ಕನಿಯಿಂದ ಕಾಣೋ ಒಂದು ಸಣ್ಣ ಕೆರೆ. 80 ಲಕ್ಷ. ನನ್ನ ಆಫೀಸು ಎಲೆಕ್ಟ್ರಾನಿಕ್ ಸಿಟಿ. ಹಳದಿ ಮೆಟ್ರೋ ಶುರುವಾದರೆ ಆರ್.ವಿ. ರಸ್ತೆಯಲ್ಲಿ ಬದಲಾಯಿಸಿಕೊಂಡು ಹೋಗಬಹುದು ಅಂತ ಬ್ರೋಕರ್ ಹೇಳಿದ. ಅದೇನೂ ಸುಳ್ಳಲ್ಲ, ಆ ಮಾರ್ಗ ಆಮೇಲೆ ಆಗಸ್ಟಿನಲ್ಲಿ ಶುರುವಾಯಿತು ಕೂಡ.

ಕಾಗದಪತ್ರಗಳನ್ನೂ ನೋಡಿಸಿದ್ವಿ. ರೇರಾದಲ್ಲಿ ನೋಂದಣಿ ಇತ್ತು, ಒಸಿ ಇತ್ತು, ಎ ಖಾತಾ ಇತ್ತು, ಇಸಿಯಲ್ಲಿ ತಕರಾರು ಇರಲಿಲ್ಲ. ವಕೀಲರು "ತಗೋಬಹುದು" ಅಂದರು. ಇದನ್ನು ಯಾಕೆ ಹೇಳ್ತಿದೀನಿ ಅಂದರೆ, ಪೇಪರ್ ಸರಿ ಇಲ್ಲದ ಮನೆಯಾಗಿದ್ದರೆ ನಿರ್ಧಾರ ಸುಲಭ, ಬೇಡ ಅಂದು ಎದ್ದು ಬರಬಹುದು. ಇದು ಒಳ್ಳೇ ಮನೆ. ಮಗಳು ಖಾಲಿ ಹಾಲ್‌ನಲ್ಲಿ ಓಡಾಡಿ, ತನ್ನ ದನಿ ಪ್ರತಿಧ್ವನಿಸಿದ್ದಕ್ಕೆ ನಕ್ಕಳು. ನನ್ನವಳು ಹಾಲ್‌ನ ದೊಡ್ಡ ಗೋಡೆ ಮುಂದೆ ಸುಮ್ಮನೆ ನಿಂತಿದ್ದಳು. ಫೋಟೋಗೆ ಜಾಗ ಗೊತ್ತು ಮಾಡಿಕೊಳ್ತಿದಾಳೆ ಅಂತ ನನಗೆ ಅರ್ಥವಾಯಿತು.

ಅಪ್ಪನ ಎಕರೆ

ಈಗ ದುಡ್ಡಿನ ಮಾತು. ಮನೆ ಬೆಲೆ 80 ಲಕ್ಷ ಅಂದರೆ ನಮಗೆ ಬೇಕಾಗೋದು 80 ಲಕ್ಷ ಅಲ್ಲ, ಇದು ಮೊದಲು ಗೊತ್ತಿರಲಿ.

30ರಿಂದ 75 ಲಕ್ಷದೊಳಗಿನ ಗೃಹಸಾಲಕ್ಕೆ ಬ್ಯಾಂಕ್ ಮನೆ ಬೆಲೆಯ ಶೇ. 80ರ ತನಕ ಮಾತ್ರ ಕೊಡಬಹುದು. ಸ್ಟ್ಯಾಂಪ್ ಡ್ಯೂಟಿ, ನೋಂದಣಿ ಖರ್ಚು ಆ ಬೆಲೆಯಲ್ಲಿ ಸೇರಲ್ಲ, ಅದು ನಮ್ಮ ಜೇಬಿನಿಂದಲೇ ಹೋಗಬೇಕು. ನಾವು 60 ಲಕ್ಷ ಸಾಲ ಅಂತ ಅಂದುಕೊಂಡಿದ್ವಿ. ಮಿಕ್ಕ 20 ಲಕ್ಷ ನಮ್ಮದು. ಆಗ ಸ್ಟ್ಯಾಂಪ್ ಡ್ಯೂಟಿ, ಸೆಸ್, ನೋಂದಣಿ ಎಲ್ಲ ಸೇರಿ ಶೇ. 6.6, ಅಂದರೆ ಸುಮಾರು 5 ಲಕ್ಷ 28 ಸಾವಿರ. (ಅದೇ ವರ್ಷ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿತು. ಈಗ ಲೆಕ್ಕ ಹಾಕೋರು ಶೇ. 7.6 ಹಿಡಿಯಿರಿ.) ಅಡುಗೆಮನೆ, ವಾರ್ಡ್‌ರೋಬ್, ಲೈಟು ಫ್ಯಾನು ಅಂತ ಕಮ್ಮಿ ಅಂದರೂ 6 ಲಕ್ಷ. ವಕೀಲರ ಫೀಸು, ಬ್ಯಾಂಕ್ ಪ್ರೊಸೆಸಿಂಗ್, ಖಾತಾ ಬದಲಾವಣೆ, ಗೃಹಪ್ರವೇಶದ ಊಟ ಅಂತ ಇನ್ನೊಂದು ಲಕ್ಷ. ಎಲ್ಲ ಕೂಡಿದರೆ ಕೈಯಲ್ಲಿ 32 ಲಕ್ಷ ಬೇಕು. ನಮ್ಮಿಬ್ಬರ ಉಳಿತಾಯ, ಪಿಎಫ್ ಬಿಟ್ಟು, 18 ಲಕ್ಷ ಇತ್ತು.

ಫೋನಿನಲ್ಲಿ ಈ ಲೆಕ್ಕ ಕೇಳಿದ ಅಪ್ಪ ಅರ್ಧ ನಿಮಿಷ ಸುಮ್ಮನಿದ್ದು, "ರೋಡ್ ಪಕ್ಕದ ಎಕರೆ ಕೊಟ್ಬಿಡೋಣ ಕಣಪ್ಪ. ನಾನು ಇಟ್ಕೊಂಡು ಏನ್ಮಾಡ್ಲಿ, ನಿಮಗೇ ತಾನೆ" ಅಂದರು.

ನಮ್ಮೂರು ತಿಪಟೂರಿನ ಹತ್ತಿರ. ಮೂರು ಎಕರೆ ತೆಂಗಿನ ತೋಟ. ರೋಡ್ ಪಕ್ಕದ ಎಕರೆಯಲ್ಲಿ ಐವತ್ತು ಚಿಲ್ಲರೆ ಮರ ಇವೆ. 2023ರಲ್ಲಿ ಕೊಬ್ಬರಿ ರೇಟು ಬೆಂಬಲ ಬೆಲೆಗಿಂತ ಕೆಳಗೆ ಬಿದ್ದಾಗಲೂ ಅಪ್ಪ ತೋಟ ಮಾರೋ ಮಾತು ಎತ್ತಿರಲಿಲ್ಲ. ಈಗ ನನ್ನ ಹಾಲ್‌ನ ಗೋಡೆಗೋಸ್ಕರ ಎತ್ತಿದರು. ಆ ಎಕರೆಗೆ ಒಳ್ಳೇ ಬೆಲೆ ಬರೋದು ನಿಜ. ಅದಕ್ಕೆ ರೋಡು ಒಂದು ಕಾರಣ. ಬೋರ್‌ವೆಲ್ ಇರೋದು ಅದರಲ್ಲೇ ಅನ್ನೋದು ಇನ್ನೊಂದು ಕಾರಣ. ಮಿಕ್ಕ ಎರಡು ಎಕರೆಗೂ ನೀರು ಹೋಗೋದು ಅಲ್ಲಿಂದಲೇ.

ನಾನು ಆ ಕ್ಷಣಕ್ಕೆ "ನೋಡೋಣ ಅಪ್ಪ" ಅಂದೆ. ನಿಜ ಹೇಳಬೇಕಂದರೆ, ಒಳಗೊಳಗೆ ಖುಷಿಯೂ ಆಯಿತು. ದಾರಿ ಸಿಕ್ಕಿತು ಅನ್ನಿಸಿತ್ತು. ಆ ಖುಷಿ ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತೆ.

ಎಕ್ಸೆಲ್ ಹೇಳಿದ್ದು

ಟೋಕನ್ ಅಡ್ವಾನ್ಸ್ ಎರಡು ಲಕ್ಷ ಕೊಡಬೇಕಾದ ಹಿಂದಿನ ರಾತ್ರಿ ಮಗಳು ಮಲಗಿದ ಮೇಲೆ ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂತ್ವಿ. ನನ್ನವಳು ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದಾಳೆ, ಲೆಕ್ಕದಲ್ಲಿ ನನಗಿಂತ ಚುರುಕು.

"ಬಾಡಿಗೆ ಕಟ್ಟೋ ದುಡ್ಡಲ್ಲಿ ಇಎಂಐ ಕಟ್ಟಬಹುದಲ್ಲ" ಅಂತ ಎಲ್ಲರೂ ಹೇಳ್ತಾರೆ. ಮೊದಲು ಅದನ್ನೇ ನೋಡಿದ್ವಿ. 60 ಲಕ್ಷ, ಶೇ. 8.5 ಬಡ್ಡಿ, 20 ವರ್ಷ: ಇಎಂಐ 52,070. ಅದರ ಮೇಲೆ ಮೇಂಟೆನೆನ್ಸ್, ಆಸ್ತಿ ತೆರಿಗೆ, ರಿಪೇರಿ ಸೇರಿ ತಿಂಗಳಿಗೆ ಐದೂವರೆ ಸಾವಿರ. ಒಟ್ಟು 57 ಸಾವಿರ ಚಿಲ್ಲರೆ. ಅದೇ ಬಿಲ್ಡಿಂಗ್‌ನಲ್ಲಿ ಅಂಥದೇ ಫ್ಲ್ಯಾಟಿಗೆ ಬಾಡಿಗೆ ಎಷ್ಟು? ಮೇಂಟೆನೆನ್ಸ್ ಸೇರಿ 25 ಸಾವಿರ. ಅರ್ಧಕ್ಕಿಂತ ಕಮ್ಮಿ! ಆ ಮಾತು ನಮ್ಮ ಅಪ್ಪಂದಿರ ಕಾಲಕ್ಕೆ ಸರಿ ಇತ್ತೇನೋ, ಇವತ್ತಿನ ಬೆಂಗಳೂರಿಗೆ ಹೊಂದೋದಿಲ್ಲ.

ಮೊದಲ ತಿಂಗಳ ಇಎಂಐ ಬಿಡಿಸಿ ನೋಡಿದರೆ, 52,070ರಲ್ಲಿ 42,500 ಬಡ್ಡಿ. ಅಸಲಿಗೆ ಹೋಗೋದು 9,570. ಹತ್ತು ವರ್ಷ ತಪ್ಪದೆ ಕಟ್ಟಿದರೆ ಒಟ್ಟು ಕಟ್ಟಿದ್ದು 62 ಲಕ್ಷ ದಾಟಿರುತ್ತೆ, ಸಾಲ ಇನ್ನೂ 42 ಲಕ್ಷ ಉಳಿದಿರುತ್ತೆ. ಇದನ್ನು ನೋಡಿ ನನ್ನವಳು "ಬಾಡಿಗೆ ವೇಸ್ಟು ಅಂತಾರಲ್ಲ, ಬಡ್ಡಿ ಏನು?" ಅಂದಳು. ತೆರಿಗೆ ಉಳಿಯುತ್ತಲ್ಲ ಅಂತೀರಾ? ನಾವಿಬ್ಬರೂ ಹೊಸ ತೆರಿಗೆ ಪದ್ಧತಿಯಲ್ಲಿದ್ದೀವಿ. ಅದರಲ್ಲಿ ನಾವೇ ವಾಸ ಮಾಡೋ ಮನೆಯ ಬಡ್ಡಿಗೆ ವಿನಾಯಿತಿ ಇಲ್ಲ. ಬಾಡಿಗೆಯ ಎಚ್‌ಆರ್‌ಎ ವಿನಾಯಿತಿಯೂ ಇಲ್ಲ. ಆ ವಿಷಯದಲ್ಲಿ ಎರಡೂ ಸಮ ಸಮ.

ಆಮೇಲೆ ಹತ್ತು ವರ್ಷದ ಲೆಕ್ಕ ಹಾಕಿದ್ವಿ. ಒಂದು ಕಡೆ ಮನೆ ಕೊಂಡವನು. ಇನ್ನೊಂದು ಕಡೆ ಬಾಡಿಗೆಯಲ್ಲಿದ್ದು, ಕೈಯಲ್ಲಿದ್ದ 32 ಲಕ್ಷವನ್ನೂ ತಿಂಗಳು ತಿಂಗಳು ಉಳಿಯೋ ವ್ಯತ್ಯಾಸವನ್ನೂ ಶೇ. 8 ಬರೋ ಕಡೆ ಇಟ್ಟವನು. ಬಾಡಿಗೆ ವರ್ಷಕ್ಕೆ ಶೇ. 6 ಏರುತ್ತೆ ಅಂತ ಹಿಡಿದ್ವಿ. ಮನೆ ಬೆಲೆ ವರ್ಷಕ್ಕೆ ಶೇ. 6 ಏರಿದರೆ, ಹತ್ತು ವರ್ಷದ ಕೊನೆಗೆ ಬಾಡಿಗೆಯವನ ಹತ್ತಿರ ಸುಮಾರು 18 ಲಕ್ಷ ಹೆಚ್ಚು. ನನಗೆ ಸಮಾಧಾನ ಆಯಿತು. ನನ್ನವಳು ಕೀಬೋರ್ಡ್ ತನ್ನ ಕಡೆ ಎಳೆದುಕೊಂಡು 6 ಅಳಿಸಿ 8.5 ಹಾಕಿದಳು. ಈಗ ಮನೆ ಕೊಂಡವನ ಹತ್ತಿರ ಸುಮಾರು 19 ಲಕ್ಷ ಹೆಚ್ಚು!

ಒಂದೇ ಒಂದು ಸೆಲ್. ಅದರಲ್ಲಿ ಎರಡೂವರೆ ಪರ್ಸೆಂಟ್ ಆಚೀಚೆ ಆದರೆ ಉತ್ತರ ತಲೆಕೆಳಗು. ಆ ಸೆಲ್‌ನಲ್ಲಿ ಏನು ಹಾಕಬೇಕು ಅಂತ ಬ್ರೋಕರ್‌ಗೂ ಗೊತ್ತಿಲ್ಲ, ಯೂಟ್ಯೂಬ್‌ನವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಸೈಟ್ ಬೆಲೆ ಏರಿದ ಹಾಗೆ ಹಳೇ ಫ್ಲ್ಯಾಟ್ ಬೆಲೆ ಏರೋದಿಲ್ಲ, ಯಾಕಂದರೆ ಏರೋದು ನೆಲ, ಬಿಲ್ಡಿಂಗು ಹಳೆಯದಾಗುತ್ತಾ ಹೋಗುತ್ತೆ ಅನ್ನೋದು ಗೊತ್ತು. ಆದರೆ ಎಷ್ಟು ಅಂತ ಹೇಳೋರು ಯಾರು? ಕೋಡ್ ಬರೆಯೋನಾಗಿ ನನಗೆ ಇದು ಚೆನ್ನಾಗಿ ಗೊತ್ತಿರಬೇಕಿತ್ತು. ಊಹೆ ಮಾಡಿದ ಇನ್‌ಪುಟ್ ಕೊಟ್ಟರೆ ಪ್ರೋಗ್ರಾಂ ಕೊಡೋದೂ ಊಹೇನೇ. ನಾನು ಮೊದಲು 6 ಹಾಕಿದ್ದು ನನ್ನ ಭಯಕ್ಕೆ, ಅವಳು 8.5 ಹಾಕಿದ್ದು ಅವಳ ಆಸೆಗೆ. ರಾತ್ರಿ ಒಂದು ಗಂಟೆ ತನಕ ನಾವು ಲೆಕ್ಕ ಹಾಕ್ತಾ ಇರಲಿಲ್ಲ, ಲೆಕ್ಕದ ನೆಪದಲ್ಲಿ ಜಗಳ ಆಡ್ತಾ ಇದ್ವಿ ಅಷ್ಟೇ.

ಉತ್ತರ ಗೊತ್ತಿರೋ ಪ್ರಶ್ನೆಗಳು

ಮಾರನೇ ದಿನ ಬ್ರೋಕರ್‌ಗೆ ಒಂದು ವಾರ ಟೈಮ್ ಕೇಳಿದೆ. ಯಾರಿಗೂ ಉತ್ತರ ಗೊತ್ತಿಲ್ಲದ ಆ ಸೆಲ್ ಬಿಟ್ಟು, ನಮಗೆ ಉತ್ತರ ಗೊತ್ತಿರೋ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದ್ವಿ. ನಾಲ್ಕೇ ಇದ್ದವು.

ಒಂದು, ಆ ಮನೆಯಲ್ಲಿ ಎಷ್ಟು ವರ್ಷ ಇರ್ತೀವಿ? ಕೊಳ್ಳುವಾಗ ಸ್ಟ್ಯಾಂಪ್ ಡ್ಯೂಟಿ, ಇಂಟೀರಿಯರ್ ಅಂತ ಹೋದ 12 ಲಕ್ಷ ವಾಪಸ್ ಬರೋ ದುಡ್ಡಲ್ಲ. ಎಂಟು ಹತ್ತು ವರ್ಷ ಇದ್ದರೆ ಅದು ಹರಡಿ ಹೋಗುತ್ತೆ. ಮೂರೇ ವರ್ಷಕ್ಕೆ ಬಿಟ್ಟರೆ ವರ್ಷಕ್ಕೆ ನಾಲ್ಕು ಲಕ್ಷ ಸುಮ್ಮನೆ ಕೊಟ್ಟ ಹಾಗೆ. ಮಗಳಿಗೆ ಆಗಷ್ಟೇ ಬನಶಂಕರಿಯಲ್ಲೇ ಎಲ್‌ಕೆಜಿ ಸೀಟು ಸಿಕ್ಕಿತ್ತು. ಅವಳ ಅಮ್ಮನ ಆಫೀಸು ಜಯನಗರ. ಹೊಸ ಮನೆಗೆ ಹೋದರೆ ಸ್ಕೂಲು ಬದಲಾಗಬೇಕು, ಇಲ್ಲಾಂದರೆ ಮೂರೂವರೆ ವರ್ಷದ ಮಗು ದಿನಾ ಎರಡು ಗಂಟೆ ವ್ಯಾನಿನಲ್ಲಿ. "ಇಲ್ಲೇ ಹತ್ತು ವರ್ಷ ಇರ್ತೀವಿ" ಅಂತ ಎದೆ ಮುಟ್ಟಿಕೊಂಡು ಹೇಳೋಕೆ ಇಬ್ಬರಿಗೂ ಆಗಲಿಲ್ಲ.

ಎರಡು, ಒಂದೇ ಸಂಬಳದಲ್ಲಿ ಇಎಂಐ ಕಟ್ಟಬಹುದಾ? ನನಗೆ ಕೈಗೆ ಬರೋದು 1 ಲಕ್ಷ 10 ಸಾವಿರ, ಅವಳಿಗೆ 45 ಸಾವಿರ. ನನ್ನ ಕೆಲಸ ಹೋದರೆ ಅವಳ ಸಂಬಳ ಇಎಂಐಗೇ ಸಾಲದು. ನಮ್ಮ ಟೀಮಿನಲ್ಲಿ 2023ರಲ್ಲಿ ಒಂದು ಮಂಗಳವಾರ ಬೆಳಿಗ್ಗೆ ಇಬ್ಬರಿಗೆ ಲ್ಯಾಪ್‌ಟಾಪ್ ಲಾಗಿನ್ನೇ ಆಗಲಿಲ್ಲ. ಅದನ್ನು ಕಣ್ಣಾರೆ ನೋಡಿದವನು ಈ ಪ್ರಶ್ನೆ ಹಾರಿಸೋಕಾಗಲ್ಲ. ಅವಳ ಕೆಲಸ ನಿಂತರೆ ನನ್ನ ಸಂಬಳದಲ್ಲಿ 53 ಸಾವಿರ ಉಳಿಯುತ್ತೆ. ಅದರಲ್ಲಿ ಸ್ಕೂಲು, ದಿನಸಿ, ಪೆಟ್ರೋಲು, ಇನ್ಶೂರೆನ್ಸು, ಊರಿಗೆ ಕಳಿಸೋದು. ನಡೆಯುತ್ತೆ, ಆದರೆ ಉಸಿರು ಬಿಗಿಹಿಡಿದು. ನಮಗೆ ಎರಡನೇ ಮಗು ಬೇಕು ಅಂತ ಇದೆ. ಆಗ ಅವಳು ಒಂದು ವರ್ಷ ಮನೆಯಲ್ಲಿರಬೇಕು ಅನ್ನಿಸಿದರೆ, ಅದನ್ನು ತೀರ್ಮಾನ ಮಾಡೋದು ನಾವಲ್ಲ, ಬ್ಯಾಂಕು.

ಮೂರು, ಬಡ್ಡಿ ಏರಿದರೆ? ಇದಕ್ಕೆ ನನ್ನ ಸಹೋದ್ಯೋಗಿಯ ಕಥೆ ಕೇಳಿ. 2021ರಲ್ಲಿ ಶೇ. 6.8ಕ್ಕೆ 50 ಲಕ್ಷ ತಗೊಂಡ. ಇಎಂಐ 38 ಸಾವಿರ. 2022ರ ಮೇನಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೋ ದರ ಶೇ. 4ರಿಂದ 6.5ಕ್ಕೆ ಏರಿಸಿತು. ಅವನ ಸಾಲ ರೆಪೋಗೆ ಜೋಡಿಸಿದ್ದು, ಬಡ್ಡಿ ಶೇ. 9.3 ಆಯಿತು. ಹಳೇ ಇಎಂಐನಲ್ಲಿ ಬಡ್ಡಿ ಮುರಿದುಕೊಂಡರೆ ಅಸಲಿಗೆ ಸಾವಿರ ರೂಪಾಯಿಯೂ ಹೋಗುತ್ತಿರಲಿಲ್ಲ. ಬ್ಯಾಂಕ್‌ನವರು ಇಎಂಐ ಏರಿಸಿದರು. ಅವನು ತಡಕೊಂಡ, ಯಾಕಂದರೆ ಅವನ ಹತ್ತಿರ ಎಂಟು ತಿಂಗಳ ಖರ್ಚಿನ ದುಡ್ಡು ಬೇರೆ ಎತ್ತಿಟ್ಟಿತ್ತು. ಫ್ಲೋಟಿಂಗ್ ಸಾಲ ಆದ್ದರಿಂದ ಬೋನಸ್ ಬಂದಾಗ ದಂಡ ಇಲ್ಲದೆ ಅಸಲು ಕಟ್ಟಿದ. ನಾವು ನೋಂದಣಿ ಆದ ಮಾರನೇ ದಿನ ಅಕೌಂಟಿನಲ್ಲಿ ಎಷ್ಟಿರುತ್ತೆ ಅಂತ ನೋಡಿಕೊಂಡ್ವಿ. ಸೊನ್ನೆ.

ನಾಲ್ಕು, ಆ ದುಡ್ಡು ಯಾರದು? ಈ ಪ್ರಶ್ನೆ ಬರೆದದ್ದು ನನ್ನವಳು. ಅಪ್ಪನ ಎಕರೆ ನನ್ನ ಎಕ್ಸೆಲ್‌ನಲ್ಲಿ "ಸ್ವಂತ ದುಡ್ಡು" ಅನ್ನೋ ಕಾಲಮ್‌ನಲ್ಲಿ ಕೂತಿತ್ತು. ಅದಕ್ಕೆ ಬಡ್ಡಿ ಇಲ್ಲ, ಕಂತು ಇಲ್ಲ, ಹಾಗಾಗಿ ಲೆಕ್ಕಕ್ಕೇ ಬಂದಿರಲಿಲ್ಲ. ಅವಳು ಕೇಳಿದಳು: "ಬೋರ್‌ವೆಲ್ ಹೋದರೆ ಮಿಕ್ಕ ಎರಡು ಎಕರೆಗೆ ನೀರೆಲ್ಲಿಂದ ಬರುತ್ತೆ ರೀ? ಅಪ್ಪನ ಶುಗರ್ ಮಾತ್ರೆ, ಅಮ್ಮನ ಕಣ್ಣಿನ ಆಪರೇಷನ್ನು, ಅದೆಲ್ಲ ಈಗ ತೋಟದಲ್ಲೇ ಆಗ್ತಿದೆ. ಆಮೇಲೆ ನಾವೇ ಕೊಡಬೇಕಲ್ವಾ? ಇಎಂಐ ಕಟ್ಕೊಂಡು ಎಲ್ಲಿಂದ ಕೊಡ್ತೀವಿ?"

ಮನೆ ಬೇಕೇ ಬೇಕು ಅಂದವಳು ಅವಳು. ಆ ಪ್ರಶ್ನೆ ಕೇಳಿದವಳೂ ಅವಳೇ. ನನಗೆ ಏನು ಹೇಳಬೇಕು ಅಂತ ತಿಳಿಯಲಿಲ್ಲ.

ಬುಧವಾರ ಬ್ರೋಕರ್‌ಗೆ ಬೇಡ ಅಂತ ಫೋನ್ ಮಾಡಿದೆ. ರಾತ್ರಿ ಅಪ್ಪನಿಗೆ ಹೇಳಿದೆ. "ಸರಿ ಬಿಡಪ್ಪ, ನಿಮಗೆ ಹೆಂಗೆ ಅನುಕೂಲವೋ ಹಂಗೆ" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ದನಿ ತಗ್ಗಿಸಿ, "ನಿಮ್ಮಮ್ಮ ಒಂದು ವಾರದಿಂದ ತೋಟದ ಕಡೆ ಹೋಗಿರಲಿಲ್ಲ" ಅಂದರು.

ಬಾಡಿಗೇನೂ ಸರಿಯಾಗಿ ಮಾಡಬೇಕು

ಇಲ್ಲಿಗೆ ಮುಗಿಸಿದರೆ "ಬಾಡಿಗೆಯೇ ಜಾಣತನ" ಅಂತ ಹೇಳಿದ ಹಾಗಾಗುತ್ತೆ. ಹಾಗಲ್ಲ. ನನ್ನವಳ ಮಾತಿನಲ್ಲಿ ಸತ್ಯ ಇತ್ತು. ಪ್ರತಿ ಎರಡು ವರ್ಷಕ್ಕೆ ಗ್ಯಾಸ್ ಕನೆಕ್ಷನ್, ಆಧಾರ್ ವಿಳಾಸ, ಮಗುವಿನ ಪಕ್ಕದ ಮನೆ ಗೆಳತಿ ಎಲ್ಲ ಬದಲಾಗೋದಕ್ಕೂ ಒಂದು ಬೆಲೆ ಇದೆ. ಬೇಕಾಗಿದ್ದದ್ದು ನೆಮ್ಮದಿ. ಅದು ಬಾಡಿಗೆಯಲ್ಲಿ ಸ್ವಲ್ಪವಾದರೂ ಸಿಗುತ್ತಾ ನೋಡೋಣ ಅಂತ ಹೊರಟ್ವಿ.

ನಮ್ಮಲ್ಲಿ ಕರಾರು ಯಾವಾಗಲೂ 11 ತಿಂಗಳಿಗೇ ಯಾಕೆ ಮಾಡ್ತಾರೆ ಗೊತ್ತಾ? 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಓಡಾಟ ಬೇಡ ಅಂತ 11 ತಿಂಗಳು. ಅಂದರೆ ಮೂರು ವರ್ಷಕ್ಕೆ ಮಾಡೋಕೆ ಅಡ್ಡಿಯೇನಿಲ್ಲ, ಇಬ್ಬರೂ ಒಪ್ಪಬೇಕು ಅಷ್ಟೇ. ನಾವು ಹತ್ತು ಮನೆ ನೋಡಿದ್ವಿ. ಎಂಟು ಜನ "ಅದೆಲ್ಲ ಆಗಲ್ಲ" ಅಂದರು. ಒಂಬತ್ತನೆಯವರು ಯೋಚನೆ ಮಾಡಿ ಹೇಳ್ತೀನಿ ಅಂದವರು ಹೇಳಲೇ ಇಲ್ಲ. ಹತ್ತನೆಯವರು ನಿವೃತ್ತ ಬ್ಯಾಂಕ್ ಉದ್ಯೋಗಿ, ಒಬ್ಬರೇ ಇರೋ ಆಂಟಿ. ಅವರಿಗೂ ಪ್ರತಿ ವರ್ಷ ಬಾಡಿಗೆಯವರನ್ನು ಹುಡುಕೋದು ಸಾಕಾಗಿತ್ತು. ಮೂರು ವರ್ಷದ ಕರಾರು, ಬಾಡಿಗೆ 25 ಸಾವಿರ, ವರ್ಷಕ್ಕೆ ಶೇ. 5 ಏರಿಕೆ, ಮೂರು ವರ್ಷದೊಳಗೆ ಖಾಲಿ ಮಾಡಿ ಅನ್ನೋ ಹಾಗಿಲ್ಲ, ನಾವೂ ಮೊದಲ ಎರಡು ವರ್ಷ ಬಿಡೋ ಹಾಗಿಲ್ಲ. ನೋಂದಣಿ ಖರ್ಚು ಅರ್ಧ ಅರ್ಧ.

ಅಡ್ವಾನ್ಸ್ ವಿಷಯಕ್ಕೆ ಬಂದಾಗ, ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳು ಮಾತ್ರ ಅಂತ ಇದೆಯಲ್ಲ ಆಂಟಿ ಅಂದೆ. "ಅದು ಮಾದರಿ ಕಣಪ್ಪ, ರಾಜ್ಯಗಳು ಒಪ್ಪಿಕೊಂಡು ತಮ್ಮ ಕಾಯ್ದೆ ಮಾಡಿಕೊಂಡರೆ ತಾನೆ" ಅಂತ ನಕ್ಕರು. ಬ್ಯಾಂಕಿನಲ್ಲಿದ್ದವರು, ಯಾಮಾರಿಸೋಕಾಗಲ್ಲ. ಕೊನೆಗೆ ಐದು ತಿಂಗಳಿಗೆ ಒಪ್ಪಿದರು. ಖಾಲಿ ಮಾಡುವಾಗ ಪೇಂಟಿಂಗಿಗೆ ಎಷ್ಟು ಮುರ್ಕೊಳ್ತಾರೆ ಅನ್ನೋದನ್ನೂ ಕರಾರಿನಲ್ಲೇ ಬರೆಸಿದ್ವಿ. ಅದು ಬಾಯಿಮಾತಿನಲ್ಲಿದ್ದರೆ ಕೊನೇ ದಿನ ಜಗಳ ಗ್ಯಾರಂಟಿ. ಕೊನೇ ಸಾಲು ನನ್ನವಳು ಬರೆಸಿದ್ದು: ಹಾಲ್ ಮತ್ತು ಬೆಡ್‌ರೂಮಿನಲ್ಲಿ ಒಟ್ಟು ಆರು ಕಡೆ ಮೊಳೆ ಹೊಡೆಯಬಹುದು.

ಇನ್ನೊಂದು ಕೆಲಸ ಮಾಡಿದ್ವಿ. ಎಕ್ಸೆಲ್‌ನ ಬಾಡಿಗೆಯವನು ಗೆಲ್ಲೋದು ವ್ಯತ್ಯಾಸದ ದುಡ್ಡನ್ನು ತಪ್ಪದೆ ಎತ್ತಿಟ್ಟರೆ ಮಾತ್ರ. ಇಎಂಐ ಒತ್ತಾಯಕ್ಕಾದರೂ ಉಳಿಸುತ್ತೆ, ಬಾಡಿಗೆ ಯಾರನ್ನೂ ಒತ್ತಾಯ ಮಾಡಲ್ಲ. ಅದಕ್ಕೆ ಪ್ರತಿ ತಿಂಗಳು 3ನೇ ತಾರೀಖು 28 ಸಾವಿರ ತಾನಾಗೇ ಕಟ್ ಆಗೋ ಹಾಗೆ ಮಾಡಿದ್ವಿ. ಹೆಚ್ಚಿನದು ಆರ್‌ಡಿಗೆ, ಸ್ವಲ್ಪ ಮ್ಯೂಚುವಲ್ ಫಂಡಿಗೆ. ನಮಗೆ ನಾವೇ ಹಾಕಿಕೊಂಡ ಇಎಂಐ ಇದು. ಹನ್ನೊಂದು ತಿಂಗಳಲ್ಲಿ ಮೂರು ತಿಂಗಳು ತಪ್ಪಿಸಿದೀವಿ. ಒಮ್ಮೆ ಫ್ರಿಜ್ ಕೆಟ್ಟಿತು, ಒಮ್ಮೆ ನಾದಿನಿ ಮದುವೆ, ಒಮ್ಮೆ ಏನೂ ಕಾರಣ ಇಲ್ಲ, ಗೋವಾಗೆ ಹೋಗಿ ಬಂದ್ವಿ. ಇಂಥ ತಿಂಗಳುಗಳು ಜಾಸ್ತಿಯಾದರೆ ಬಾಡಿಗೆಯ ಲೆಕ್ಕ ನೀರಿನಲ್ಲಿ ಹೋಮ.

ನಿಮ್ಮದು ಬೇರೆ ಇರಬಹುದು

ನಮ್ಮ ನಾಲ್ಕು ಪ್ರಶ್ನೆಗೆ ನಿಮ್ಮ ಉತ್ತರ ಬೇರೆ ಇದ್ದರೆ ನಿಮ್ಮ ತೀರ್ಮಾನವೂ ಬೇರೆ ಇರಬೇಕು. ಅಪ್ಪ ಅಮ್ಮ ನಿಮ್ಮ ಜೊತೆಗೇ ಇದ್ದು, ಎಪ್ಪತ್ತರ ವಯಸ್ಸಿನಲ್ಲಿ ಅವರನ್ನು ಮನೆಯಿಂದ ಮನೆಗೆ ಸಾಗಿಸೋದು ಬೇಡ ಅನ್ನಿಸಿದರೆ. ಮಕ್ಕಳ ಸ್ಕೂಲು, ನಿಮ್ಮ ಕೆಲಸ ಆ ಏರಿಯಾದಲ್ಲೇ ಗಟ್ಟಿಯಾಗಿದ್ದರೆ. ಇಎಂಐ ಒಂದು ಸಂಬಳದಲ್ಲಿ ಹೋಗೋ ಹಾಗಿದ್ದು, ನೋಂದಣಿ ಆದ ಮೇಲೂ ಆರು ತಿಂಗಳ ಖರ್ಚು ಕೈಯಲ್ಲಿ ಉಳಿದರೆ, ತಗೊಳ್ಳಿ. ಬೆಲೆ ಶೇ. 6 ಏರುತ್ತಾ 8 ಏರುತ್ತಾ ಅಂತ ತಲೆ ಕೆಡಿಸಿಕೊಳ್ಳಬೇಡಿ. ಆಗ ಅದು ಹೂಡಿಕೆ ಅಲ್ಲ, ಮನೆ. ತಗೊಳ್ಳೋ ಮುಂಚೆ ಒಂದು ಸಲ ಮಾರ್ಚ್ ಏಪ್ರಿಲ್‌ನಲ್ಲಿ ಹೋಗಿ ಗೇಟಿನ ಸೆಕ್ಯುರಿಟಿಯವರನ್ನು "ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತೆ" ಅಂತ ಮಾತ್ರ ಕೇಳಿ. 2024ರ ಬೇಸಿಗೆ ಕಂಡ ಯಾರೂ ಇದನ್ನು ಮರೆಯಬಾರದು.

ಇನ್ನು ಮಾರಿಸೋದು ಅಪ್ಪನ ಜಮೀನು, ಅಡ ಇಡೋದು ಅಮ್ಮನ ಒಡವೆ ಆಗಿದ್ದರೆ, ಅದನ್ನು "ಡೌನ್ ಪೇಮೆಂಟ್" ಅಂತ ಕರೆಯೋ ಮುಂಚೆ ಅದು ಈಗ ಯಾವ ಕೆಲಸ ಮಾಡ್ತಿದೆ ಅಂತ ಒಂದು ಸಲ ಕೇಳಿ. ಅವರು ಬೇಡ ಅನ್ನಲ್ಲ. ನಮ್ಮ ಅಪ್ಪ ಅಮ್ಮಂದಿರು ಇಂಥದ್ದಕ್ಕೆ ಬೇಡ ಅನ್ನೋದೇ ಇಲ್ಲ. ಅದಕ್ಕೇ ಕೇಳಬೇಕಾದವರು ನಾವು.

ನಾವು ಮನೆ ತಗೊಳ್ಳೋದೇ ಇಲ್ಲ ಅಂತಲ್ಲ. ಕರಾರು ಮುಗಿಯೋ ಹೊತ್ತಿಗೆ, 2028ರ ಏಪ್ರಿಲ್‌ನಲ್ಲಿ, ಮತ್ತೆ ಅದೇ ಹಾಳೆ ತೆಗೀತೀವಿ. ಅಷ್ಟರೊಳಗೆ ತೋಟ ಮುಟ್ಟದೆ ನಮ್ಮ ದುಡ್ಡು ಕೂಡಿರಬೇಕು.

ಮೊನ್ನೆ ಆ ಬ್ರೋಕರ್ ಮತ್ತೆ ಮೆಸೇಜ್ ಮಾಡಿದ್ದ. ಅದೇ ಬಿಲ್ಡಿಂಗ್, ಅಂಥದೇ ಫ್ಲ್ಯಾಟ್, ಈಗ 86 ಲಕ್ಷ. 2025ರ ಒಳಗೆ ರೆಪೋ ದರ ಶೇ. 6.5ರಿಂದ 5.25ಕ್ಕೆ ಇಳಿದು ಸಾಲದ ಬಡ್ಡಿಯೂ ಕಮ್ಮಿಯಾಗಿದೆ. ಒಂದೇ ವರ್ಷದಲ್ಲಿ ಆರು ಲಕ್ಷ! ಹೊಟ್ಟೆಯಲ್ಲಿ ಏನೋ ಆಯಿತು, ಸುಳ್ಳು ಹೇಳಲ್ಲ. ಫೋನನ್ನು ನನ್ನವಳಿಗೆ ತೋರಿಸಿದೆ. ಅವಳು ಓದಿ, ವಾಪಸ್ ಕೊಟ್ಟು, "ತಗೊಂಡಿದ್ದರೆ ಚೆನ್ನಾಗಿತ್ತು" ಅಂದಳು. ಆಮೇಲೆ, "ಅಮ್ಮ ಎಳನೀರು ಕಳಿಸಿದಾರೆ, ಬಸ್ ಸ್ಟ್ಯಾಂಡಿಗೆ ಹೋಗಿ ಮೂಟೆ ತಗೊಂಡು ಬನ್ನಿ" ಅಂದಳು.

ಮದುವೆ ಫೋಟೋ ಈಗ ಹಾಲ್‌ನಲ್ಲಿದೆ. ಆರು ಮೊಳೆಯಲ್ಲಿ ನಾಲ್ಕು ಖರ್ಚಾಗಿವೆ. ಎರಡು ಬಾಕಿ ಇಟ್ಟುಕೊಂಡಿದ್ದಾಳೆ.